ಪದ್ಮವ್ವ ಒಪ್ಪಿದ ಫಿಲ್ಟರ್

ಬೆಳಗಾವಿಯ ಮಹಾಂತೇಶ ನಗರದ ಒಂದು ಮನೆಸಾಲಿನಲ್ಲಿ ಪದ್ಮವ್ವನ ಮನೆಯವರು ಮಾತ್ರ ಕತ್ತಲಲ್ಲಿ ಸ್ನಾನ ಮಾಡುತ್ತಾರೆ. ನಗಬೇಡಿ, ಖರೇ ಮಾತು. ಯಾರಾದರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ಹೊರಟರೆ ಸಾಕು, ಪದ್ಮವ್ವ ಹಿತ್ತಿಲಿಗೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಾಳೆ. ನೀರು ಕಾಯುವುದು ಹಿತ್ತಿಲ ಒಲೆಯ ಮೇಲೆ. ಗೀಸರು, ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್ಲು, ಇವುಗಳ ಹೆಸರನ್ನೂ ಆ ಮನೆಯಲ್ಲಿ ಎತ್ತುವಂತಿಲ್ಲ. ಮಿಕ್ಸರ್ ಇದೆ, ಆದರೆ ಅದನ್ನು ಹಚ್ಚುವವರ ಕಾಲಲ್ಲಿ ರಬ್ಬರ್ ಚಪ್ಪಲಿ ಇರಬೇಕು, ಕೈ ಒಣಗಿರಬೇಕು, ಪದ್ಮವ್ವ ಎದುರಿಗೆ ನಿಂತಿರಬೇಕು. ಬಾಜೂ ಮನೆಯ ಕಾಂತಾ ಇದನ್ನೆಲ್ಲ ಓಣಿ ತುಂಬ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಾಳೆ.

ನಗುವವರು ನಗಲಿ, ಅವರೇನು ಕಣ್ಣಾರೆ ಕಂಡವರೇ? ಪದ್ಮವ್ವ ಕಂಡವಳು. ಖಾನಾಪುರದಿಂದ ಆಚೆ, ಮಲಪ್ರಭೆಯ ದಂಡೆಯಲ್ಲಿ, ಅವಳ ಗಂಡ ಲಕ್ಷ್ಮಣನದೊಂದು ತುಂಡು ಹೊಲವಿತ್ತು. ಹೊಳೆಯಿಂದ ನೀರೆತ್ತಲು ಒಂದು ಮೋಟರಿತ್ತು. ಒಂದು ಮಧ್ಯಾಹ್ನ ಹಸಿ ಬದುವಿನ ಮೇಲೆ ಬರಿಗಾಲಲ್ಲಿ ನಿಂತು ಲಕ್ಷ್ಮಣ ಸ್ಟಾರ್ಟರ್ ಡಬ್ಬಿಗೆ ಕೈ ಹಚ್ಚಿದ. ಹಚ್ಚಿದ ಕೈ ಅಲ್ಲೇ ಹಿಡಿದುಕೊಂಡಿತು. ಪದ್ಮವ್ವ ಕೂಗಬೇಕೆಂದರೆ ಗಂಟಲಿಂದ ದನಿ ಹೊರಡಲಿಲ್ಲ. ಓಡಿ ಹೋಗಿ ಅವನನ್ನು ಹಿಡಿಯಬೇಕೆಂದಳು, ಅಷ್ಟರಲ್ಲಿ ಬಾಜೂ ಹೊಲದ ಸಿದ್ದಪ್ಪ ಬಂದು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ‘ಮುಟ್ಟಬ್ಯಾಡ ತಂಗಿ, ನೀನೂ ಹೋಗ್ತಿ!’ ಅವನು ಹೇಳಿದ್ದು ಸರಿಯೇ. ಅವಳೂ ಹೋಗಿದ್ದರೆ ಮಗ ಅಮರ ಬೀದಿಯ ಪಾಲಾಗುತ್ತಿದ್ದ. ಊರೆಲ್ಲ ಹಾಗೇ ಅಂದಿತು, ಪದ್ಮವ್ವನೂ ಅಂದಳು. ಆದರೆ ಸಿದ್ದಪ್ಪನ ಕೈಯಲ್ಲಿ ಸಿಕ್ಕಿಕೊಂಡು ಗಂಡ ಸಾಯುವುದನ್ನು ನೋಡುತ್ತ ನಿಂತ ಆ ಗಳಿಗೆಯ ಬಗ್ಗೆ ಅವಳು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ.

ಮಗುವನ್ನು ಕಟ್ಟಿಕೊಂಡು ಬೆಳಗಾವಿಗೆ ಬಂದು ಅಲ್ಲಿನ ನೇಕಾರರ ಪೇಟೆ ಶಹಾಪುರದಲ್ಲಿ ಕೆಲಸ ಹುಡುಕಿದಳು. ಪವರ್‌ಲೂಮಿನ ಶೆಡ್ಡಿನವರು ಕರೆದರು, ಕೂಲಿ ಚೆನ್ನಾಗಿಯೇ ಇತ್ತು. ಪದ್ಮವ್ವ ಬಾಗಿಲಲ್ಲಿ ನಿಂತು ಒಳಗಿನ ವೈರುಗಳನ್ನು ನೋಡಿ ಹಾಗೇ ಹಿಂದಿರುಗಿದಳು. ಕೈಮಗ್ಗದ ಒಂದು ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಳು. ಕೈಮಗ್ಗಗಳು ಒಂದೊಂದಾಗಿ ನಿಂತಾಗ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟಳು. ಹಾಗೆ ಬೆಂಕಿಯ ಮುಂದೆ ಬೆಂದೇ ಅಮರನನ್ನು ದೊಡ್ಡವನನ್ನಾಗಿ ಮಾಡಿದಳು. ಈಗ ಅವನು ಒಂದು ಫೌಂಡ್ರಿಯಲ್ಲಿ ಸೂಪರ್‌ವೈಜರ್. ಅವಳಿಗೆ ದೇವರಲ್ಲಿ ಕೇಳಿಕೊಳ್ಳುವುದು ಒಂದೇ ಉಳಿದಿತ್ತು: ಈ ಮನೆಯಿಂದ ಇನ್ನೊಬ್ಬರನ್ನು ಕರೆಂಟು ಒಯ್ಯಬಾರದು.

ಅಂಥ ಮನೆಗೆ ಸೊಸೆಯಾಗಿ ಬಂದವಳು ಪೂರ್ವಾ. ಖಾನಾಪುರ ಪೇಟೆಯ ಹುಡುಗಿ, ಮನೆಮಾತು ಮರಾಠಿ, ಇಲ್ಲಿ ವಿಮೆ ಕಚೇರಿಯೊಂದರಲ್ಲಿ ಕೆಲಸ. ಬಂದ ಹೊಸತರಲ್ಲಿ ಕತ್ತಲ ಬಚ್ಚಲಲ್ಲಿ ಸಾಬೂನು ಹುಡುಕಿ ಹುಡುಕಿ ಸಾಕಾಗಿ ಒಬ್ಬಳೇ ನಕ್ಕಿದ್ದಳಂತೆ. ಅಮರ ಅಪ್ಪನ ಕತೆ ಹೇಳಿದ ಮೇಲೆ ಆ ನಗುವನ್ನೂ ಬಿಟ್ಟಳು. ಅತ್ತೆ ಹೇಳಿದಂತೆ ಚಪ್ಪಲಿ ಹಾಕಿದಳು, ಕೈ ಒರೆಸಿದಳು, ಎದುರು ಮಾತಾಡಲಿಲ್ಲ. ಅವಳಿಗೂ ಒಂದು ಆಸೆ ಇತ್ತು. ಈ ಸಲ ನಾಗರಪಂಚಮಿಗೆ ತವರಿಗೆ ಹೋದವಳು ಬರುವಾಗ ತೊಡೆಯ ಮೇಲೆ ಒಂದು ಸಣ್ಣ ಗಾಜಿನ ತೊಟ್ಟಿಯನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಬಾಲದ ಗಪ್ಪಿ ಮೀನುಗಳನ್ನೂ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳು.

ಮೀನು ಬಂದದ್ದಕ್ಕೆ ಪದ್ಮವ್ವನ ತಕರಾರಿರಲಿಲ್ಲ. ಆದರೆ ನಾಲ್ಕು ದಿನಕ್ಕೆ ನೀರು ಮಬ್ಬಾಯಿತು, ವಾಸನೆ ಬಂತು, ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಉಳಿದವು ಮೇಲೆ ಬಂದು ಬಾಯಿ ಬಿಡತೊಡಗಿದವು.

‘ಫಿಲ್ಟರ್ ಹಾಕಬೇಕ್ರಿ ಅತ್ತಿಯಾರ,’ ಎಂದಳು ಪೂರ್ವಾ. ‘ಇವುಗಳ ಹೊಲಸು ಇವಕ್ಕ ವಿಷ ಆಗ್ತೈತಿ.’

‘ಫಿಲ್ಟರ್ ಅಂದರ?’

‘ಸಣ್ಣ ಮೋಟರ್ ಇರ್ತೈತ್ರಿ. ನೀರಾಗ ಮುಳುಗಿಸಿ ಇಡೂದು.’

ಪದ್ಮವ್ವನ ಕೈಯಲ್ಲಿದ್ದ ಹಿಟ್ಟು ನಾದುವ ಪರಾತ ನೆಲಕ್ಕೆ ಬಿದ್ದು ಗಣಗಣ ಸದ್ದಾಯಿತು.

‘ಈ ಮನ್ಯಾಗ ನೀರಾಗ ಮೋಟರ್ ಇಳಿಯೂದಿಲ್ಲ. ಅದು ಇಳೀತಂದ್ರ ನಾ ಈ ಮನ್ಯಾಗ ಇರೂದಿಲ್ಲ. ತಿಳೀತ?’

ಪೂರ್ವಾ ವಾದಕ್ಕೆ ಬರಲಿಲ್ಲ. ‘ಹಂಗಾರ ಸಾಯ್ಲಿ ಬಿಡ್ರಿ,’ ಎಂದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಯ್ದಿದ್ದರೆ ಪದ್ಮವ್ವ ತಿರುಗಿ ನಾಲ್ಕು ಬಯ್ದು ಹಗುರಾಗುತ್ತಿದ್ದಳು. ಈ ಮಾತು ಮಾತ್ರ ಎದೆಗೆ ನಾಟಿತು. ಅಂದು ಸಂಜೆಯೆಲ್ಲ ತೊಟ್ಟಿಯ ಮುಂದೆ ಕುಳಿತು, ಮೀನುಗಳು ಬಾಯಿ ಬಿಟ್ಟು ಮುಚ್ಚುವುದನ್ನು ನೋಡಿದಳು. ಜೀವವೊಂದು ಕಣ್ಣೆದುರು ಹೋಗುವಾಗ ಕೈ ಕಟ್ಟಿ ಕೂಡುವುದು ಅವಳಿಗೆ ಆಗುವ ಮಾತಲ್ಲ. ಬೆಳಿಗ್ಗೆ ಎದ್ದವಳೇ ಸೊಸೆಗೆ ಹೇಳಿದಳು: ‘ನಡಿ, ಅಂಗಡಿಗೆ ನಾನೂ ಬರ್ತೀನಿ. ಆದರ ಆರಿಸೂದು ನಾನ.’

ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಕೃಷ್ಣಾಜಿ ಎಂಬವರ ಬಣ್ಣದ ಮೀನಿನ ಅಂಗಡಿ. ಪಾಪ, ಅವರು ಅಂದು ಯಾರ ಮುಖ ನೋಡಿ ಎದ್ದಿದ್ದರೋ! ಮೊದಲು ಕಪ್ಪು ಡಬ್ಬಿಯಂಥ ಒಂದು ಫಿಲ್ಟರ್ ತೋರಿಸಿದರು. ಇಡೀ ಡಬ್ಬಿ ನೀರಲ್ಲೇ ಇರುತ್ತದೆ, ಮೋಟರು ಅದರೊಳಗೆ. ಪದ್ಮವ್ವ ಹಾವು ಕಂಡವಳಂತೆ ಬಾಗಿಲ ತನಕ ಸರಿದಳು.

‘ಏನೂ ಆಗೂದಿಲ್ಲ ಮಾವಶಿ, ಪ್ಯಾಕ್ ಮಾಡಿರ್ತಾರ್ರಿ.’

‘ಪ್ಯಾಕ್ ಒಡದ್ರ?’

‘ಒಡಿಯೂದಿಲ್ರಿ.’

‘ವೈರ್ ಇಲಿ ಕಡದ್ರ? ನೀವು ಬಂದು ಬಿಡಸ್ತೀರೇನು?’

ಕೃಷ್ಣಾಜಿ ಅದನ್ನು ಎತ್ತಿಟ್ಟು ಎರಡನೆಯದನ್ನು ತೆಗೆದರು. ಅದು ತೊಟ್ಟಿಯ ಅಂಚಿಗೆ ಹೊರಗಿನಿಂದ ತೂಗುಹಾಕುವಂಥದು. ಪದ್ಮವ್ವ ಅದರ ಹೊಟ್ಟೆ ಬೆನ್ನು ತಿರುಗಿಸಿ ನೋಡಿ, ‘ನೀರು ಇದರ ಒಳಗ ಹಾದು ಹೋಗತೈತಿ, ಕರೆಂಟೂ ಇದರ ಒಳಗ ಐತಿ. ಬ್ಯಾಡ,’ ಎಂದಳು. ಪೂರ್ವಾಳಿಗೂ ಅದು ಹಿಡಿಸಲಿಲ್ಲ. ಅಷ್ಟು ಜೋರಾಗಿ ಎಳೆಯುವ ಕೊಳವೆ ಗಪ್ಪಿಯ ಮರಿಗಳನ್ನೂ ಎಳೆದುಕೊಂಡುಬಿಡುತ್ತದೆ ಎಂದು ಅವಳ ಚಿಂತೆ. ಅಂತೂ ಅತ್ತೆ ಸೊಸೆ ಒಂದು ಮಾತಿಗೆ ತಲೆ ಆಡಿಸಿದ್ದು ಅದೇ ಮೊದಲು.

ಕೊನೆಗೆ ಕೃಷ್ಣಾಜಿ ಒಂದು ಸ್ಪಂಜಿನ ಉಂಡೆ, ಒಂದು ಸಣ್ಣ ಪಂಪು, ಉದ್ದನೆಯ ತೆಳು ನಳಿಗೆ ತಂದಿಟ್ಟರು. ‘ನೋಡ್ರಿ, ಈ ಪಂಪ್ ಹೊರಗ ಇರ್ತೈತಿ. ಇದು ಬರೇ ಗಾಳಿ ಊದತೈತಿ. ಗಾಳಿ ನಳಿಗ್ಯಾಗ ಹಾದು ಸ್ಪಂಜಿಗೆ ಹೋಗಿ ಗುಳ್ಳಿ ಏಳ್ತಾವು, ಹೊಲಸು ಸ್ಪಂಜಿನ್ಯಾಗ ಕೂಡತೈತಿ. ನೀರಾಗ ಕರೆಂಟ್ ಅನ್ನೂದ ಇಲ್ಲ. ಮರಿಗೂ ಧೋಕಾ ಇಲ್ಲ.’

‘ಹಚ್ಚಿ ತೋರಸ್ರಿ. ನೀರಾಗ ನೀವು ಕೈ ಇಡ್ರಿ.’

ಕೃಷ್ಣಾಜಿ ಮೊಳಕೈ ತನಕ ಕೈ ಇಳಿಸಿ ನಿಂತರು. ಪದ್ಮವ್ವ ಅವರ ಮುಖವನ್ನೇ ನೋಡಿದಳು. ಏನೂ ಆಗಲಿಲ್ಲ. ಕಟ್ಟಿಕೊಡುವಾಗ ಕೃಷ್ಣಾಜಿ ಒಂದು ಮಾತು ಹೇಳಿದರು: ‘ಪಂಪ್ ಯಾವಾಗಲೂ ನೀರಿನ ಮಟ್ಟಕ್ಕಿಂತ ಮ್ಯಾಲ ಇರ್ಬೇಕ್ರಿ. ಕೆಳಗಿದ್ದು ಬಂದ್ ಆತಂದ್ರ ನೀರು ನಳಿಗ್ಯಾಗ ಹಿಂದ ಇಳದು ಬರತೈತಿ. ಅದಕ್ಕೊಂದು ವಾಲ್ವ್ ಸಿಗತೈತಿ, ಈಗ ಖಾಲಿ ಆಗ್ಯಾವು. ಮ್ಯಾಲ ಇಟ್ರ ಅದರ ಗರಜ ಇಲ್ಲ.’ ಪೂರ್ವಾ ಕೇಳಿಸಿಕೊಂಡಳು. ಪದ್ಮವ್ವನ ಕಿವಿಗೆ ಬಿದ್ದದ್ದು, ಪಂಪು ನೀರಿನಿಂದ ದೂರ ಇರಬೇಕು ಎಂಬಷ್ಟೇ.

ಅಮರ ತೊಟ್ಟಿಯ ಮೇಲ್ಗಡೆ ಗೋಡೆಗೆ ಒಂದು ಹಲಗೆ ಹೊಡೆದು ಪಂಪನ್ನು ಅಲ್ಲಿಟ್ಟ. ಮೊದಲ ವಾರ ಪದ್ಮವ್ವ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ದೂರ ಕುಳಿತು ಅದರ ಗುಂಯ್ ಸದ್ದಿಗೆ ಕಿವಿಗೊಟ್ಟಳು. ನೀರು ತಿಳಿಯಾಯಿತು. ಆಮೇಲೆ ಒಂದು ಗಪ್ಪಿ ಮರಿ ಹಾಕಿತು. ಸಾಸಿವೆಯಷ್ಟು ಕಣ್ಣಿನ ಮರಿಗಳು ಸ್ಪಂಜಿನ ಬುಡಕ್ಕೇ ಹೋಗಿ ಮೇಯತೊಡಗಿದವು. ಅದನ್ನು ನೋಡಲು ಪದ್ಮವ್ವ ಒಂದು ಮಣೆ ಹತ್ತಿರಕ್ಕೆ ಎಳೆದಳು. ದಸರೆ ಬರುವ ಹೊತ್ತಿಗೆ ಮೀನಿಗೆ ಕಾಳು ಹಾಕುವುದು ಅವಳದೇ ಕೆಲಸವಾಗಿತ್ತು. ‘ನಿಮ್ಮ ಅತ್ತಿಗೆ ಮೀನಾ ಮಾಟ ಮಾಡ್ಯಾವು,’ ಎಂದು ಕಾಂತಾ ಪೂರ್ವಾಳ ಹತ್ತಿರ ಹೇಳಿ ನಕ್ಕಳು.

ಖಂಡೇ ಪೂಜೆಯ ದಿನ ಬಂತು. ನಮ್ಮ ಕಡೆ ಅಂದು ಹತಾರಗಳಿಗೆ ವಿಶ್ರಾಂತಿ. ವರ್ಷವೆಲ್ಲ ದುಡಿದ ಕುಡಗೋಲು, ಕತ್ತರಿ, ಮಗ್ಗ, ಮೋಟರ್ ಸೈಕಲ್ಲು ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಆ ದಿನ ಅವುಗಳಿಂದ ಕೆಲಸ ತೆಗೆಯದೆ ಬಿಡುತ್ತಾರೆ. ಕೈಮಗ್ಗದ ಮನೆಯಲ್ಲಿದ್ದಾಗ ಪದ್ಮವ್ವ ಕಂಡಿಕೆ ಸುತ್ತುವ ರಾಟಿಗೂ ಅಂದು ಕೈ ಹಚ್ಚುತ್ತಿರಲಿಲ್ಲ. ಅಮರ ಫೌಂಡ್ರಿಯ ಪೂಜೆಗೆ ಬೆಳಿಗ್ಗೆಯೇ ಹೋಗಿದ್ದ. ಪದ್ಮವ್ವ ನಡುಮನೆಯಲ್ಲಿ ದೇವರ ಜಗಲಿಯ ಮುಂದೆ ನೆಲ ಸಾರಿಸಿ, ಮಣೆಯ ಮೇಲೆ ಈಳಿಗೆ, ಕತ್ತರಿ, ಮಿಕ್ಸರ್, ಪೂರ್ವಾಳ ಲ್ಯಾಪ್‌ಟಾಪ್ ಎಲ್ಲ ಜೋಡಿಸಿದಳು. ಆಮೇಲೆ ತಲೆಯೆತ್ತಿ ಗೋಡೆಯ ಹಲಗೆ ನೋಡಿದಳು. ಹಗಲು ರಾತ್ರಿ ಎನ್ನದೆ ದುಡಿಯುವ ಯಂತ್ರ ಈ ಮನೆಯಲ್ಲಿ ಇದ್ದದ್ದು ಅದೊಂದೇ. ಅದನ್ನು ಬಿಟ್ಟು ಉಳಿದವಕ್ಕೆ ಪೂಜೆ ಮಾಡಿದರೆ ದೇವರು ಮೆಚ್ಚುತ್ತಾನೆಯೇ?

ಚಪ್ಪಲಿ ಹಾಕಿಕೊಂಡು, ಕೈ ಒರೆಸಿಕೊಂಡು, ಗುಂಡಿ ಆರಿಸಿ, ಪ್ಲಗ್ ಕಿತ್ತು, ಪಂಪನ್ನು ಎರಡೂ ಕೈಯಲ್ಲಿ ಕೂಸಿನಂತೆ ಇಳಿಸಿಕೊಂಡಳು. ನಳಿಗೆ ಬಿಚ್ಚಲು ಅವಳಿಗೆ ತಿಳಿಯದು. ಉದ್ದವಾಗಿತ್ತು, ಹಾಗೇ ಬಿಟ್ಟಳು. ನೀರಿನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದೆಂದು ನೆಲದ ಮೇಲೆ, ಮಣೆಯ ತುದಿಗೆ ಇಟ್ಟು ವಿಭೂತಿ ಕುಂಕುಮ ಹಚ್ಚಿದಳು, ಒಂದು ಚೆಂಡು ಹೂ ಏರಿಸಿದಳು. ‘ನೀನೂ ಇವತ್ತ ದಣಿವಾರಿಸ್ಕೋಪಾ,’ ಎಂದು ಕೈ ಮುಗಿದಳು. ಹಬ್ಬವೆಂದು ಪೂರ್ವಾ ಹಿಂದಿನ ದಿನ ತೊಟ್ಟಿಯನ್ನು ಅಂಚಿನ ತನಕ ತುಂಬಿದ್ದಳು. ಜಗಲಿಗೆ ಬಣ್ಣದ ದೀಪದ ಸರ ಬಿಟ್ಟು, ಅದರ ಪ್ಲಗ್ಗಿಗೆ ಒಂದು ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ, ಚಾಪೆಯ ಅಂಚಿಗೆ ಇಟ್ಟಿದ್ದಳು. ಇವೆರಡನ್ನೂ ಪದ್ಮವ್ವ ನೋಡಿಯೇ ಇದ್ದಳು. ನೋಡಿದ್ದೆಲ್ಲ ಹೊಳೆಯಬೇಕಲ್ಲ.

ಪೂರ್ವಾ ಬಚ್ಚಲಿಗೆ ಹೊರಟಳು. ಪದ್ಮವ್ವ ಎಂದಿನಂತೆ ಮೇನ್ ಇಳಿಸಿ, ಅಡಿಗೆಮನೆಗೆ ಬಂದು ಕರ್ಚಿಕಾಯಿ ಲಟ್ಟಿಸಲು ಕುಳಿತಳು. ನಡುಮನೆಯಲ್ಲಿ ಯಾರೂ ಇರಲಿಲ್ಲ. ನಳಿಗೆಯಲ್ಲಿ ನೀರು ಏರಿ, ತೊಟ್ಟಿಯ ಅಂಚು ದಾಟಿ ಕೆಳಗಿಳಿಯಿತು. ಪಂಪಿನ ಹೊಟ್ಟೆ ತುಂಬಿತು, ಸಂದಿಯಿಂದ ಹೊರಬಂದು ಮಣೆ ತೋಯಿಸಿತು, ಸಾರಿಸಿದ ನೆಲದ ಇಳಿಜಾರು ಹಿಡಿದು ಚಾಪೆಯ ಕೆಳಗೆ ಹೋಯಿತು. ಸದ್ದೇ ಇಲ್ಲ. ಅಷ್ಟರಲ್ಲಿ ಬಚ್ಚಲಿಂದ ‘ಆತ್ರಿ ಅತ್ತಿಯಾರ!’ ಎಂಬ ದನಿ ಬಂತು. ಪದ್ಮವ್ವ ಹಿತ್ತಿಲಿಗೆ ಹೋಗಿ ಮೇನ್ ಸ್ವಿಚ್ ಏರಿಸಿದಳು. ಹೌದು, ಏರಿಸಿದವಳೂ ಅವಳೇ. ಮತ್ತೆ ಬಂದು ಲಟ್ಟಣಿಗೆ ಹಿಡಿದಳು.

‘ಅಯ್ಯ, ಇದೇನಿದು ನೀರು!’

ಪೂರ್ವಾಳ ದನಿಗೆ ಪದ್ಮವ್ವ ಲಟ್ಟಣಿಗೆ ಹಿಡಿದೇ ಎದ್ದು ಬಾಗಿಲಿಗೆ ಬಂದಳು. ಪೂರ್ವಾ ಜಗಲಿಯ ಮುಂದೆ ನಿಂತಿದ್ದಳು. ದೇವರ ಮುಂದೆ ಚಪ್ಪಲಿ ಹಾಕುವಂತಿಲ್ಲ, ಬರಿಗಾಲು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಂದೆ ನೆಲದ ಮೇಲೆ ನೀರು ಹರಡಿತ್ತು, ಬಣ್ಣದ ದೀಪಗಳು ಮಿನುಗುತ್ತಿದ್ದವು. ಜಾಣ ಹುಡುಗಿ, ನೀರು ಬೋರ್ಡಿನ ಕಡೆ ಹೋಗಿದೆ ಎಂದು ಅವಳಿಗೆ ತಕ್ಷಣ ಹೊಳೆಯಿತು. ದೀಪ ಆರಿಸಬೇಕೆಂದು ಬಗ್ಗಿ, ಒಂದು ಹೆಜ್ಜೆ ನೀರಿನೊಳಗಿಟ್ಟು, ಬೋರ್ಡಿನ ಗುಂಡಿಗೆ ಹಸಿ ಕೈ ಚಾಚಿದಳು.

ಪದ್ಮವ್ವ ನೋಡಿದಳು. ಅದೇ ಬರಿಗಾಲು, ಅದೇ ಹಸಿ ನೆಲ, ಅದೇ ಚಾಚಿದ ಕೈ. ‘ಬ್ಯಾಡ’ ಎಂದು ಒದರಬೇಕೆಂದಳು. ಗಂಟಲು ಕಟ್ಟಿಹೋಯಿತು, ಅಂದಿನಂತೆಯೇ. ಹಿತ್ತಿಲಿಗೆ ಓಡಿ ಸ್ವಿಚ್ ಇಳಿಸುವಷ್ಟು ಹೊತ್ತಿರಲಿಲ್ಲ, ಸೊಸೆಯ ಹತ್ತಿರ ಹೋಗುವಷ್ಟೂ ಇರಲಿಲ್ಲ. ಕೈಯಲ್ಲಿದ್ದ ಕಟ್ಟಿಗೆಯ ಲಟ್ಟಣಿಗೆಯನ್ನು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಬೀಸಿ ಒಗೆದಳು.

ಅದು ಪೂರ್ವಾಳ ಮಣಿಕಟ್ಟಿಗೆ ರಪ್ಪನೆ ಬಡಿಯಿತು. ‘ಆಯೀಗಽ!’ ಎಂದು ಚೀರಿ ಪೂರ್ವಾ ಕೈ ಹಿಂದಕ್ಕೆಳೆದುಕೊಂಡು ಒಣ ನೆಲದ ಮೇಲೆ ಕುಸಿದಳು. ಪದ್ಮವ್ವ ಅವಳನ್ನು ನೋಡಲೂ ನಿಲ್ಲಲಿಲ್ಲ. ಹಿತ್ತಿಲಿಗೆ ಓಡಿ ಮೇನ್ ಇಳಿಸಿ ಬಂದು, ಸೊಸೆಯ ರಟ್ಟೆಗೆ ಕೈ ಹಾಕಿ ಅಡಿಗೆಮನೆ ತನಕ ಎಳೆದುಕೊಂಡು ಹೋದಳು. ಚೀರಿದ್ದನ್ನು ಕೇಳಿ ಕಾಂತಾ ಓಡಿ ಬಂದಳು. ಊದಿಕೊಳ್ಳುತ್ತಿದ್ದ ಕೈ ನೋಡಿದಳು, ನೆಲದ ಮೇಲಿನ ಲಟ್ಟಣಿಗೆ ನೋಡಿದಳು, ‘ಹಬ್ಬದ ದಿನಾನ ಸೊಸಿಗೆ ಬಡಿಯೂದೇನ ಪದ್ಮವ್ವಾ!’ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪದ್ಮವ್ವ ಸೆರಗು ತೋಯಿಸಿ ಸೊಸೆಯ ಕೈಗೆ ಸುತ್ತತೊಡಗಿದಳು.

ಸುದ್ದಿ ತಿಳಿದು ಅಮರ ಬಂದ. ಬೋರ್ಡನ್ನು ಒಣ ಕೋಲಿನಿಂದ ಎತ್ತಿದಾಗ ಅದರ ತೂತುಗಳಿಂದ ನೀರು ಸುರಿಯಿತು. ‘ಇದರ ಮ್ಯಾಲ ಕೈ ಇಟ್ಟಿದ್ದರ...’ ಎಂದ. ತೊಟ್ಟಿಯ ತಳದಲ್ಲಿ ಉಳಿದ ನಾಲ್ಕು ಬೆರಳು ನೀರಿನಲ್ಲಿ ಮೀನುಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಅವನ್ನು ಬಕೆಟ್ಟಿಗೆ ಹಾಕಿದ. ಪಂಪಿನ ವಿಭೂತಿ ಕುಂಕುಮ ನೀರಿಗೆ ತೊಳೆದುಹೋಗಿತ್ತು, ಹೂ ಜಾರಿತ್ತು, ಹಾಗಾಗಿ ಅದು ತಾನಾಗಿ ಹಲಗೆಯಿಂದ ಕೆಳಗೆ ಬಿದ್ದಿದೆ ಎಂದೇ ಅವನು ತಿಳಿದ. ಪದ್ಮವ್ವ ತಿದ್ದಲಿಲ್ಲ.

ದವಾಖಾನೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಮಣಿಕಟ್ಟಿನ ಎಲುಬು ಸೀಳಿದೆ ಎಂದರು. ಅಮರ ಔಷಧ ತರಲು ಹೋಗಿದ್ದ.

‘ಹೆಂಗಾತು ಇದು?’

‘ಜಾರಿ ಬಿದ್ನಿರೀ,’ ಎಂದಳು ಪೂರ್ವಾ. ‘ನೆಲದ ಮ್ಯಾಲ ನೀರು ಚೆಲ್ಲಿತ್ತು.’

ಡಾಕ್ಟರಮ್ಮ ಚರ್ಮದ ಮೇಲಿನ ಕೆಂಪು ಬಾಸುಂಡೆಯ ಮೇಲೆ ಬೆರಳಾಡಿಸಿದರು. ನಂಬಲಿಲ್ಲ ಎಂಬುದು ಮುಖದ ಮೇಲೇ ಇತ್ತು. ಪದ್ಮವ್ವ ಸುಮ್ಮನಿದ್ದರೆ ನಡೆಯುತ್ತಿತ್ತು. ಸೊಸೆ ಮಾನ ಕಾಯುತ್ತಿದ್ದಳು, ಪಂಪಿನ ಸಂಗತಿ ಮಗನಿಗೆ ಗೊತ್ತಿರಲಿಲ್ಲ. ಆದರೆ ಆ ಸುಳ್ಳು ಅವಳಿಗೆ ಕೇಳಿಸಿಕೊಳ್ಳಲಾಗಲಿಲ್ಲ.

‘ಬಿದ್ದಿಲ್ಲರೀ ಆಕಿ. ನಾನ ಹೊಡದೀನಿ, ಲಟ್ಟಣಿಗಿ ಒಗದು. ಆ ನೀರು ಚೆಲ್ಲಾಕ ಕಾರಣಾನೂ ನಾನ. ಪಂಪ್ ಕೆಳಗಿಟ್ಟಾಕಿ ನಾನ. ಕರೆಂಟ್ ಹಚ್ಚಿದಾಕಿನೂ ನಾನ.’

ಪೂರ್ವಾ ತಟ್ಟನೆ ಅತ್ತೆಯ ಕಡೆ ತಿರುಗಿದಳು. ಪಂಪಿನ ಸಂಗತಿ ಅವಳಿಗೂ ಹೊಸದು. ಡಾಕ್ಟರಮ್ಮನಿಗೆ ಪಂಪು, ಕರೆಂಟು ಏನೂ ಅರ್ಥವಾಗಲಿಲ್ಲ, ಹೊಡೆದೆ ಎಂದದ್ದು ಮಾತ್ರ ಅರ್ಥವಾಯಿತು.

‘ನೀವು ಹೊರಗ ಕುಂದರ್ರಿ,’ ಎಂದು ಬಾಗಿಲು ಮುಚ್ಚಿದರು.

ಹೊರಗಿನ ಬೆಂಚಿನ ಮೇಲೆ ಪದ್ಮವ್ವ ಒಬ್ಬಳೇ ಕುಳಿತಳು. ಒಳಗೆ ಪೂರ್ವಾ ಏನು ಹೇಳುತ್ತಿದ್ದಾಳೋ! ಎಲ್ಲ ಹೇಳಲಿ. ಇಷ್ಟು ದಿನ ಕತ್ತಲಲ್ಲಿ ಸ್ನಾನ ಮಾಡಿಸಿದೆ, ಹೆಜ್ಜೆ ಹೆಜ್ಜೆಗೆ ಅಡ್ಡ ನಿಂತೆ, ಕಡೆಗೆ ನಾನೇ ಅವಳ ಕಾಲ ಕೆಳಗೆ ಮೃತ್ಯುವನ್ನು ಹರಿಸಿದೆ. ಸಂಜೆಯ ಬಸ್ಸಿಗೆ ತವರಿಗೆ ಹೊರಟುನಿಂತರೆ ಯಾವ ಬಾಯಿಂದ ತಡೆಯಲಿ? ಹೋಗಲಿ. ತನ್ನ ಕಾಲ ಮೇಲೆ ತಾನು ನಡೆದು ಹೋಗುತ್ತಾಳಲ್ಲ, ಅಷ್ಟು ಸಾಕು. ಹೀಗೆಂದುಕೊಂಡಳೇ ಹೊರತು, ಹೋಗಬಾರದು ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಲೇ ಇದ್ದಳು.

ಬಹಳ ಹೊತ್ತಿನ ಮೇಲೆ ಪೂರ್ವಾ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಹೊರಗೆ ಬಂದಳು. ಪದ್ಮವ್ವ ಎದ್ದು ನಿಂತಳು.

‘ಏನ್ ಕೇಳಿದ್ರು?’

‘ಮನಿಗೆ ಹೋಗಾಕ ಅಂಜಿಕಿ ಐತೇನು ಅಂತ ಕೇಳಿದ್ರು.’

‘ನೀ ಏನಂದಿ?’

‘ಐತ್ರಿ ಅಂದ್ನಿ.’

ಪದ್ಮವ್ವ ತಲೆ ತಗ್ಗಿಸಿದಳು.

‘ಇನ್ಮ್ಯಾಲ ನಮ್ಮ ಅತ್ತಿಯಾರು ಮೀನಾ ಇಡಾಕ ಬಿಡ್ತಾರೋ ಇಲ್ಲೋ, ಅದೊಂದ ಅಂಜಿಕಿ ಐತ್ರಿ ಅಂದ್ನಿ,’ ಎಂದಳು ಪೂರ್ವಾ. ನಗಲು ಹೋದಳು, ನಗು ಬರಲಿಲ್ಲ. ‘ನೀವು ಹೊಡೀಲಿಲ್ಲಂದ್ರ ನನ್ನ ಇಲ್ಲಿಗೆ ಹೊತ್ಕೊಂಡು ಬರಬೇಕಿತ್ತು, ಅದನ್ನೂ ಹೇಳೀನಿ.’

ಪದ್ಮವ್ವ ಕುಳಿತಳು. ಅವಳ ಬೆರಳ ಸಂದಿಯಲ್ಲಿ ಕರ್ಚಿಕಾಯಿಯ ಹಿಟ್ಟು ಇನ್ನೂ ಒಣಗಿ ಅಂಟಿಕೊಂಡಿತ್ತು.

‘ಅವತ್ತ ನನ್ನ ಕೈಯಾಗ ಬುತ್ತಿ ಗಂಟಿತ್ತು, ಪೂರ್ವಾ,’ ಎಂದಳು. ಯಾವ ದಿನ ಎಂದು ಪೂರ್ವಾ ಕೇಳಲಿಲ್ಲ. ‘ಬುತ್ತಿ ಬಿಟ್ರ ಏನೂ ಇರಲಿಲ್ಲ. ಒಂದು ಒಣ ಕಟಗಿ ಇದ್ದಿದ್ದರ ನಾನೂ ಹೊಡೀತಿದ್ನಿ. ಕೈ ಮುರೀಲಿ ಅಂತ ಹೊಡೀತಿದ್ನಿ.’

ಪೂರ್ವಾ ಬಾಜೂಕ ಕುಳಿತು ಒಳ್ಳೆಯ ಕೈಯಿಂದ ಅವಳ ಕೈ ಹಿಡಿದಳು. ಪದ್ಮವ್ವ ಪ್ಲಾಸ್ಟರನ್ನು ನೋಡುತ್ತ ಸಣ್ಣ ದನಿಯಲ್ಲಿ ಕೇಳಿದಳು:

‘ಭಾಳ ಜೋರ ಬಡೀತೇನ?’

‘ಭಾಳ ಜೋರ ಬಡೀತ್ರಿ.’

‘ಚಲೋ ಆತು,’ ಎಂದಳು ಪದ್ಮವ್ವ, ಮತ್ತು ಗಂಡ ಸತ್ತ ದಿನವೂ ಹೊರಬರದಿದ್ದ ದನಿ ತೆಗೆದು, ಆ ಬೆಂಚಿನ ಮೇಲೆ ಎಲ್ಲರೆದುರು ಅತ್ತಳು.